ಅಪ್ರೆಂಟಿಸ್ ಇಟ್ಟುಕೊಂಡರೆ ಸರ್ಕಾರ ಏನು ಕೊಡುತ್ತದೆ: ಪುಣೆ, ಮುಂಬೈ, ಗೋವಾದ ಸಣ್ಣ ಉದ್ಯಮಿಗಳಿಗೊಂದು ಕೈಪಿಡಿ

ಪುಣೆ ಹತ್ತಿರದ ಭೋಸರಿ, ಚಾಕಣ ಕಡೆಯ ನಮ್ಮ ಕನ್ನಡಿಗರ ವರ್ಕ್‌ಶಾಪುಗಳಲ್ಲಿ ಅಪ್ರೆಂಟಿಸ್ ವಿಷಯ, ಅಂದರೆ ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸುವ ಹುಡುಗರ ವಿಷಯ, ಬಂದಾಗೆಲ್ಲ ಮೊದಲು ಕೇಳುವ ಪ್ರಶ್ನೆ ಇದೇ: "ಹುಡುಗುರನ್ನ ಟ್ರೇನಿಂಗಿಗೆ ಇಟ್ಕೊಂಡ್ರ ಸರ್ಕಾರ ರೊಕ್ಕ ಕೊಡತೈತಂತಲ್ರಿ, ನಮಗ ಎಷ್ಟ ಬರತೈತಿ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಐಟಿಐ ಹುಡುಗನಾದರೆ ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿ, ಎಂಜಿನಿಯರಿಂಗ್ ಪದವೀಧರನಾದರೆ 4,500. ಅದೂ ನಿಮ್ಮ ಖಾತೆಗೆ ಬರುವುದಿಲ್ಲ, ನೇರ ಅವನ ಖಾತೆಗೆ ಹೋಗುತ್ತದೆ. ಇಷ್ಟು ಕೇಳಿದ ಕೂಡಲೇ ಅರ್ಧ ಮಂದಿ "ಹೋಗ್ಲಿ ಬಿಡ್ರಿ" ಅನ್ನುತ್ತಾರೆ. ಹಾಗನ್ನುವ ಮುಂಚೆ ಪೂರ್ತಿ ಲೆಕ್ಕ ನೋಡುವುದು ಒಳ್ಳೆಯದು. ಈ ಸಹಾಯಧನ ಸಣ್ಣದೇ. ಆದರೆ ಅದರ ಹಿಂದೆ ಕಾನೂನಿನ ರಕ್ಷಣೆ ಇದೆ, ಐಟಿಐ ಜತೆಗಿನ ನಂಟು ಇದೆ, ತರಬೇತಿ ಮುಗಿಸಿದವನನ್ನು ಕೆಲಸಕ್ಕೆ ಸೇರಿಸಿಕೊಂಡರೆ ಸಿಗುವ ಇನ್ನೊಂದು ಯೋಜನೆಯ ಹಣವೂ ಇದೆ. ಇವೆಲ್ಲ ಒಂದಕ್ಕೊಂದು ಕೂಡಿದಾಗ ಮಾತ್ರ ಲಾಭ ಕಾಣುತ್ತದೆ.

ಮೊದಲು ತಲೆ ಎಣಿಸಿ

ಅಪ್ರೆಂಟಿಸ್ ಕಾಯ್ದೆ 1961ರದ್ದು. 2019ರಲ್ಲಿ ಬದಲಾದ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಒಟ್ಟು ಸಂಖ್ಯೆಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ನಿಮ್ಮ ಇಷ್ಟ. ತೆಗೆದುಕೊಂಡರೆ ಸಹಾಯಧನ ನಿಮಗೂ ಅನ್ವಯಿಸುತ್ತದೆ.

ಇಲ್ಲಿ ಒಂದು ಜಾರುಬಂಡೆ ಇದೆ. "ನಮ್ದು ಹದಿನೆಂಟೇ ಮಂದಿ, ಉಳಿದವರು ಠೇಕೇದಾರನವರು" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುತ್ತಿಗೆ ಕೆಲಸಗಾರರನ್ನೂ ಸೇರಿಸಿಯೇ ಎಣಿಸಬೇಕು. ಹದಿನೆಂಟು ಮಂದಿ ಕಾಯಂ, ಹದಿನಾಲ್ಕು ಮಂದಿ ಗುತ್ತಿಗೆ ಎಂದರೆ ನೀವು 32, ಅಂದರೆ ಕಡ್ಡಾಯದ ಪಟ್ಟಿಯಲ್ಲಿದ್ದೀರಿ. ತೆಗೆದುಕೊಳ್ಳದಿದ್ದರೆ ಕೊರತೆ ಬಿದ್ದ ಪ್ರತಿ ಅಪ್ರೆಂಟಿಸ್‌ಗೆ ಮೊದಲ ಮೂರು ತಿಂಗಳು ತಿಂಗಳಿಗೆ 500, ಆಮೇಲೆ 1,000 ರೂಪಾಯಿ ದಂಡ ಎಂದು ಕಾಯ್ದೆಯಲ್ಲಿದೆ.

ಇದು ಎಂಜಿನಿಯರಿಂಗ್ ಕಾರ್ಖಾನೆಗಳ ಮಾತು ಮಾತ್ರವಲ್ಲ. ಮುಂಬೈಯಲ್ಲಿ ನಮ್ಮ ಕರಾವಳಿಯವರ ಹೋಟೆಲುಗಳಲ್ಲಿ ಅಡುಗೆಮನೆ, ಸರ್ವಿಸ್, ಕ್ಲೀನಿಂಗ್ ಎಲ್ಲ ಸೇರಿಸಿದರೆ ಮೂವತ್ತು ದಾಟುವುದು ಸಾಮಾನ್ಯ. ಅಡುಗೆ, ಫುಡ್ ಸರ್ವಿಸ್ ಕೆಲಸಗಳಿಗೂ ಅಪ್ರೆಂಟಿಸ್‌ಶಿಪ್ ಇದೆ ಎಂಬುದೇ ಬಹಳ ಮಾಲೀಕರಿಗೆ ಗೊತ್ತಿಲ್ಲ.

ಎರಡು ಬಾಗಿಲು, ಎರಡು ದರ

ಕೇಂದ್ರದ ಮುಖ್ಯ ಯೋಜನೆಗಳು ಎರಡು. ಹೆಸರುಗಳಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಇರುವುದರಿಂದ ಅರ್ಜಿ ಹಾಕುವವರೇ ಗೊಂದಲಗೊಳ್ಳುತ್ತಾರೆ.

ನ್ಯಾಪ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ, 2016ರ ಆಗಸ್ಟ್‌ನಲ್ಲಿ ಶುರುವಾಯಿತು. ಕೌಶಲ್ಯಾಭಿವೃದ್ಧಿ ಸಚಿವಾಲಯದ್ದು. ಶಾಲೆ ಓದಿದವರು, ಐಟಿಐ ಮುಗಿಸಿದವರು ಮುಖ್ಯವಾಗಿ ಇದರಡಿ ಬರುತ್ತಾರೆ. ನಿಗದಿತ ಸ್ಟೈಪೆಂಡಿನ ಕಾಲು ಭಾಗವನ್ನು, ಗರಿಷ್ಠ 1,500 ರೂಪಾಯಿವರೆಗೆ, ಸರ್ಕಾರ ಕೊಡುತ್ತದೆ. ಮೊದಲು ಇದನ್ನು ಮಾಲೀಕರು ಕೊಟ್ಟು ಆಮೇಲೆ ವಾಪಸ್ ಪಡೆಯಬೇಕಿತ್ತು. 2023ರ ಆಗಸ್ಟ್‌ನಿಂದ ಸರ್ಕಾರದ ಪಾಲು ನೇರ ಅಪ್ರೆಂಟಿಸ್ ಖಾತೆಗೆ ಹೋಗುತ್ತಿದೆ.

ನ್ಯಾಟ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಶಿಕ್ಷಣ ಸಚಿವಾಲಯದ್ದು. ಡಿಪ್ಲೊಮಾ ಮತ್ತು ಪದವಿ ಮುಗಿಸಿದವರಿಗೆ. ಇಲ್ಲಿ ಸರ್ಕಾರ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನೇ ಕೊಡುತ್ತದೆ. ಮಹಾರಾಷ್ಟ್ರ, ಗೋವಾ ಎರಡಕ್ಕೂ ಇದನ್ನು ನೋಡಿಕೊಳ್ಳುವ ಪಶ್ಚಿಮ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ ಮುಂಬೈನ ಸಾಯನ್‌ನಲ್ಲಿದೆ. ಹಾಗಾಗಿ ಗೋವಾದ ವೆರ್ಣಾ ಎಸ್ಟೇಟಿನ ಫಾರ್ಮಾ ಘಟಕವೊಂದು ಬಿ.ಎಸ್ಸಿ. ಹುಡುಗಿಯನ್ನು ಕ್ವಾಲಿಟಿ ಲ್ಯಾಬಿಗೆ ಅಪ್ರೆಂಟಿಸ್ ಆಗಿ ತೆಗೆದುಕೊಂಡರೆ ಅದರ ಕಡತ ಪಣಜಿಗಲ್ಲ, ಸಾಯನ್‌ಗೆ ಸೇರಿದ್ದು.

2019ರ ನಿಯಮದ ಕನಿಷ್ಠ ಸ್ಟೈಪೆಂಡ್ ಹೀಗಿದೆ: ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ 5,000, ಹತ್ತನೇ ತರಗತಿ ಪಾಸಾದವರಿಗೆ 6,000, ಪಿಯುಸಿ ಅಥವಾ ಐಟಿಐಗೆ 7,000, ಡಿಪ್ಲೊಮಾಕ್ಕೆ 8,000, ಪದವಿಗೆ 9,000. ಎರಡನೇ ವರ್ಷ ಇದರ ಮೇಲೆ ಶೇ 10, ಮೂರನೇ ವರ್ಷ ಶೇ 15 ಏರಿಕೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ನಾಲ್ಕು ಮಂದಿ ಐಟಿಐ ಫಿಟರ್‌ಗಳು. ತಿಂಗಳ ಸ್ಟೈಪೆಂಡ್ 28,000. ಏಳು ಸಾವಿರದ ಕಾಲು ಭಾಗ 1,750 ಆದರೂ ಮಿತಿ 1,500, ಆದ್ದರಿಂದ ಸರ್ಕಾರದ ಪಾಲು 6,000. ನಿಮ್ಮ ಜೇಬಿನಿಂದ 22,000. ವರ್ಷಕ್ಕೆ ಸರ್ಕಾರದ್ದು 72,000, ನಿಮ್ಮದು 2,64,000. ಅದೇ ನಾಲ್ವರು ಪದವೀಧರರಾಗಿ ನ್ಯಾಟ್ಸ್‌ನಲ್ಲಿದ್ದರೆ 36,000ದಲ್ಲಿ ಅರ್ಧ ಸರ್ಕಾರದ್ದು, ಅರ್ಧ ನಿಮ್ಮದು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ದರಗಳನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿದೆ. ಬಜೆಟ್ ಹಾಕುವಾಗ ಏರಿದ ದರ ಹಿಡಿದೇ ಹಾಕಿ, ಅಂದರೆ ಐಟಿಐಗೆ ಒಂಬತ್ತೂವರೆ ಸಾವಿರದ ಆಸುಪಾಸು. ಆಮೇಲೆ ಕೈ ಕಚ್ಚುವುದಿಲ್ಲ.

ಈ ಲೆಕ್ಕದಲ್ಲಿ ಕಾಣದ ಖರ್ಚು ಬೇರೆ ಇದೆ. ಹೊಸ ಹುಡುಗ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿಯುವುದನ್ನು ನೋಡಿದ್ದೀರಲ್ಲ? ಹಿಂದಿನ ರ‍್ಯಾಚೆಟ್ ತಿರುಗಿಸುವ ಬದಲು ಥಿಂಬಲನ್ನೇ ಹಿಡಿದು ನಲ್ಲಿ ಬಿಗಿದಂತೆ ಬಿಗಿಯುತ್ತಾನೆ. 25.00 ಇರುವ ಶಾಫ್ಟ್ 24.97 ತೋರಿಸುತ್ತದೆ. "ಅಣ್ಣಾ, ಮಾಲು ಕಮ್ಮಿ ಬಂದೈತಿ" ಎಂದು ಒಳ್ಳೆಯ ಪೀಸನ್ನು ರಿಜೆಕ್ಷನ್ ಟ್ರೇಗೆ ಹಾಕುತ್ತಾನೆ. ಪಕ್ಕದ ಆಪರೇಟರ್ ಮಷೀನ್ ನಿಲ್ಲಿಸಿ ಬಂದು ಮೂರು 'ಕಟಕ್' ಕೇಳಿಸುವತನಕ ರ‍್ಯಾಚೆಟ್ ತಿರುಗಿಸಿ ತೋರಿಸಬೇಕು. ಹೀಗೆ ನಿಂತ ಮಷೀನಿನ ಹೊತ್ತು, ಮುರಿದ ಇನ್ಸರ್ಟುಗಳು, ಹಾಳಾದ ಜಾಬುಗಳು, ಇದನ್ನೆಲ್ಲ ಯಾವ ಯೋಜನೆಯೂ ಭರಿಸುವುದಿಲ್ಲ. ಕಲಿಸುವ ಆಪರೇಟರ್‌ಗೆ ತಿಂಗಳಿಗೆ ಇಷ್ಟು ಎಂದು ಕೈಯಿಂದಲೇ ಕೊಡಿ ಎಂಬುದು ನನ್ನ ಸಲಹೆ. ಕೊಡದಿದ್ದರೆ ಅವನೇಕೆ ತನ್ನ ಪ್ರೊಡಕ್ಷನ್ ಬಿಟ್ಟು ಕಲಿಸುತ್ತಾನೆ?

ಒಬ್ಬರೇ ಹೋಗಬೇಡಿ

ಹತ್ತು ಹನ್ನೆರಡು ಜನರ ಜಾಬ್ ಶಾಪಿನಲ್ಲಿ ಟರ್ನಿಂಗ್ ಇದ್ದರೆ ಗ್ರೈಂಡಿಂಗ್ ಇರುವುದಿಲ್ಲ, ಗ್ರೈಂಡಿಂಗ್ ಇದ್ದರೆ ಹೀಟ್ ಟ್ರೀಟ್‌ಮೆಂಟ್ ಹೊರಗಡೆ. ಒಬ್ಬನಿಗೆ ಇಡೀ ಟ್ರೇಡ್ ಕಲಿಸಲು ಅಲ್ಲಿ ಆಗುವುದಿಲ್ಲ. ಇದಕ್ಕೆ ಕಾಯ್ದೆಯಲ್ಲೇ ದಾರಿ ಇದೆ: ಹಲವು ಮಾಲೀಕರು ತಾವೇ ಕೂಡಿ, ಅಥವಾ ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಒಪ್ಪಿಗೆ ಪಡೆದ ಏಜೆನ್ಸಿಯೊಂದರ ಮೂಲಕ, ಒಟ್ಟಾಗಿ ತರಬೇತಿ ಕೊಡಬಹುದು. ಒಂದೇ ಗಲ್ಲಿಯ ನಾಲ್ಕು ಶೆಡ್‌ಗಳು ಸೇರಿದರೆ ನಾಲ್ಕು ಬಗೆಯ ಮಷೀನು ಸಿಗುತ್ತವೆ. ಹುಡುಗ ಮೂರು ತಿಂಗಳು ನಿಮ್ಮಲ್ಲಿ, ಮೂರು ತಿಂಗಳು ಪಕ್ಕದವರಲ್ಲಿ. ಯಾರು ಯಾವಾಗ ಸ್ಟೈಪೆಂಡ್ ಕೊಡಬೇಕು, ಗಾಯವಾದರೆ ಹೊಣೆ ಯಾರದು, ಕೊನೆಗೆ ಅವನನ್ನು ಯಾರು ಇಟ್ಟುಕೊಳ್ಳುತ್ತಾರೆ, ಈ ಮೂರನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಕೊನೆಯದರ ಮೇಲೆಯೇ ಜಗಳ ಹೆಚ್ಚು.

ಥರ್ಡ್ ಪಾರ್ಟಿ ಅಗ್ರಿಗೇಟರ್ ಎಂಬ ಮಧ್ಯವರ್ತಿ ಸಂಸ್ಥೆಗಳೂ ಇವೆ. ಹುಡುಗರನ್ನು ಹುಡುಕಿ, ಪೋರ್ಟಲ್ ಕೆಲಸವನ್ನೂ ನೋಡಿಕೊಳ್ಳುತ್ತವೆ, ಶುಲ್ಕ ತೆಗೆದುಕೊಳ್ಳುತ್ತವೆ. ಶುಲ್ಕ ತಿಂಗಳಿಗೆ 1,500ರ ಹತ್ತಿರ ಬಂದರೆ ಸಹಾಯಧನ ಅಲ್ಲಿಗೇ ಮುಗಿಯಿತು. ಕೇಳಿ, ಚೌಕಾಸಿ ಮಾಡಿ.

ಹತ್ತಿರದ ಐಟಿಐ ಪ್ರಾಂಶುಪಾಲರನ್ನು ಒಮ್ಮೆ ಹೋಗಿ ಕಾಣುವುದು ಮಧ್ಯವರ್ತಿಗಿಂತ ಅಗ್ಗ. ಪುಣೆಯವರಿಗೆ ಔಂಧ್ ಐಟಿಐ ಇದೆ. ಮಹಾರಾಷ್ಟ್ರದಲ್ಲಿ ಐಟಿಐಗಳೂ ಅಪ್ರೆಂಟಿಸ್ ವ್ಯವಹಾರವೂ ವೃತ್ತಿ ಶಿಕ್ಷಣ ಮತ್ತು ತರಬೇತಿ ನಿರ್ದೇಶನಾಲಯದಡಿ ಬರುತ್ತವೆ. ಅಪ್ರೆಂಟಿಸ್‌ಗಳ ಮೂಲ ತರಬೇತಿಗೆಂದೇ ಇರುವ ಬಿಟಿಆರ್‌ಐ ಕೇಂದ್ರಗಳೂ ಇವೆ. ಐಟಿಐ ಜತೆ ಇನ್ನೂ ಗಟ್ಟಿ ಸಂಬಂಧ ಬೇಕಿದ್ದರೆ ಡ್ಯುಯಲ್ ಸಿಸ್ಟಂ ಆಫ್ ಟ್ರೇನಿಂಗ್ ಇದೆ: ಪಾಠ ಐಟಿಐಯಲ್ಲಿ, ಕೈಕೆಲಸ ನಿಮ್ಮ ಶಾಪಿನಲ್ಲಿ, ಇಬ್ಬರ ನಡುವೆ ಒಪ್ಪಂದ. ಇದರಲ್ಲಿ ಹಣಕ್ಕಿಂತ ದೊಡ್ಡ ಲಾಭ ಎಂದರೆ ಹುಡುಗರು ಪಾಸಾಗುವ ಮೊದಲೇ ನಿಮ್ಮ ಕಣ್ಣಿಗೆ ಬೀಳುತ್ತಾರೆ.

ಇಂಡಿ, ಅಫಜಲಪುರ, ಆಳಂದ ಕಡೆಯಿಂದ ಬರುವ ಹುಡುಗರನ್ನು ತೆಗೆದುಕೊಳ್ಳಬಹುದೇ? ಖಂಡಿತ. ಐಟಿಐ ಮುಗಿಸಿದವರಿಗೆ ಸಿಗುವ ಎನ್‌ಸಿವಿಟಿ ಪ್ರಮಾಣಪತ್ರ ದೇಶಕ್ಕೆಲ್ಲ ಒಂದೇ. ವಿಜಯಪುರದ ಐಟಿಐ ಆದರೂ ಔಂಧ್ ಆದರೂ ಪೋರ್ಟಲ್‌ಗೆ ವ್ಯತ್ಯಾಸವಿಲ್ಲ.

ಪೋರ್ಟಲ್: ಎಲ್ಲರೂ ಸಿಕ್ಕಿಕೊಳ್ಳುವ ಜಾಗ

ನ್ಯಾಪ್ಸ್‌ಗೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್, ನ್ಯಾಟ್ಸ್‌ಗೆ ಅದರದೇ ಬೇರೆ ಪೋರ್ಟಲ್. ಸಂಸ್ಥೆಯನ್ನು ನೋಂದಾಯಿಸಿ, ಕೆಲಸಗಾರರ ಸಂಖ್ಯೆ ತುಂಬಿ, ಕೋರ್ಸ್ ಆರಿಸಿ, ಎಷ್ಟು ಜಾಗ ಎಂದು ಪ್ರಕಟಿಸಿ, ಹುಡುಗನನ್ನು ಆಯ್ದು ಒಪ್ಪಂದ ಮಾಡಬೇಕು. ಒಪ್ಪಂದವನ್ನು ಇಬ್ಬರೂ ಒಪ್ಪಿ, ನೋಂದಣಿಯಾಗಿ ಸಂಖ್ಯೆ ಸಿಕ್ಕಮೇಲಷ್ಟೇ ಅವನು ಅಪ್ರೆಂಟಿಸ್. ಅಲ್ಲಿಯತನಕ ಶಾಪಿನೊಳಗೆ ಮಷೀನಿಗೆ ಕೈ ಹಾಕಿಸಬೇಡಿ. ಕೋರ್ಸಿನ ಆಯ್ಕೆಯಲ್ಲಿ ಎರಡು ಬಗೆ: ಫಿಟರ್, ಟರ್ನರ್, ಮಷಿನಿಸ್ಟ್‌ನಂಥ ಗೊತ್ತುಪಡಿಸಿದ ಟ್ರೇಡುಗಳು, ಮತ್ತು ಉದ್ಯಮ ಅಥವಾ ಸೆಕ್ಟರ್ ಸ್ಕಿಲ್ ಕೌನ್ಸಿಲ್ (ಆಯಾ ವಲಯದ ಕೌಶಲ ಮಂಡಳಿ) ರೂಪಿಸಿದ ಐಚ್ಛಿಕ ಟ್ರೇಡುಗಳು. ಹೋಟೆಲಿನವರು, ಪ್ಯಾಕಿಂಗ್ ಘಟಕದವರು ಎರಡನೆಯದನ್ನು ನೋಡಿ. ಐಟಿಐ ಮುಗಿಸಿದವರನ್ನು ತೆಗೆದುಕೊಳ್ಳುವ ಎಂಜಿನಿಯರಿಂಗ್ ಶಾಪಿಗೆ ಮೊದಲನೆಯದೇ ಸರಳ, ಏಕೆಂದರೆ ಅವರಿಗೆ ಮೂಲ ತರಬೇತಿ ಮತ್ತೆ ಕೊಡಿಸಬೇಕಿಲ್ಲ.

ಈಗ ನಮ್ಮವರಿಗೇ ವಿಶೇಷವಾಗಿ ಬರುವ ತೊಡಕು: ಹೆಸರು. ಕರ್ನಾಟಕದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಬಸವರಾಜ ಎಸ್' ಎಂದಿರುತ್ತದೆ. ಆಧಾರ್‌ನಲ್ಲಿ 'ಬಸವರಾಜ ಶರಣಪ್ಪ ಬಿರಾದಾರ'. ಬ್ಯಾಂಕಿನಲ್ಲಿ 'ಬಿರಾದಾರ ಬಸವರಾಜ'. ಮಹಾರಾಷ್ಟ್ರದ ಗುಮಾಸ್ತನಿಗೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಈ ಕ್ರಮದಲ್ಲೇ ಬೇಕು. ಒಂಟಿ 'ಎಸ್' ನೋಡಿದರೆ ಅಡ್ಡಹೆಸರೆಲ್ಲಿ ಎಂದು ಕೇಳುತ್ತಾನೆ. ಪೋರ್ಟಲ್ ಆಧಾರ್ ಮೇಲೆ ನಡೆಯುವುದರಿಂದ ಆಧಾರನ್ನೇ ಆಧಾರವಾಗಿಟ್ಟುಕೊಂಡು ಬ್ಯಾಂಕಿನ ಹೆಸರನ್ನು ಅದಕ್ಕೆ ಹೊಂದಿಸಿ. ಇದನ್ನು ಒಪ್ಪಂದಕ್ಕೆ ಮೊದಲು ಮಾಡಿಸಿ.

ಎರಡನೆಯದು ಬ್ಯಾಂಕ್ ಖಾತೆ. "ಆಧಾರ್ ಲಿಂಕ್ ಆಗೇತ್ರಿ ಸಾಹೇಬ್ರ" ಎಂದು ಹುಡುಗ ಹೇಳುತ್ತಾನೆ, ಸುಳ್ಳಲ್ಲ. ಆದರೆ ಕೆವೈಸಿಗೆಂದು ಆಧಾರ್ ಕೊಟ್ಟಿರುವುದು ಬೇರೆ, ಸರ್ಕಾರದ ನೇರ ಹಣ ಬರಲು ಖಾತೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ಜೋಡಣೆಯಾಗಿರುವುದು ಬೇರೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಊರಿನ ಗ್ರಾಮೀಣ ಬ್ಯಾಂಕಿನ ಖಾತೆ ಜೋಡಣೆಯಾಗಿದ್ದರೆ ಹಣ ಅಲ್ಲಿಗೇ ಹೋಗುತ್ತದೆ. ಆ ಪಾಸ್‌ಬುಕ್ ಊರಲ್ಲಿ ಅವ್ವನ ಟ್ರಂಕಿನಲ್ಲಿರುತ್ತದೆ. ಇವನು ಇಲ್ಲಿ "ಸರ್ಕಾರದ ರೊಕ್ಕ ಬಂದಿಲ್ಲ" ಎಂದು ನಿಮ್ಮ ಮುಂದೆ ನಿಂತಿರುತ್ತಾನೆ. ಆಧಾರ್ ವೆಬ್‌ಸೈಟಿನಲ್ಲೇ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಬಹುದು. ಸೇರಿಸಿಕೊಳ್ಳುವ ದಿನವೇ ಅವನ ಮೊಬೈಲಿನಲ್ಲಿ ತೆರೆದು ನೋಡಿ, ಸ್ಕ್ರೀನ್‌ಶಾಟ್ ಕಡತಕ್ಕೆ ಸೇರಿಸಿ.

ರಾಜ್ಯದ ಯೋಜನೆ: ಅಕ್ಕಲಕೋಟೆಗೆ ಉಂಟು, ಇಂಡಿಗೆ ಇಲ್ಲ

ಮಹಾರಾಷ್ಟ್ರ 2024ರ ಜುಲೈನಲ್ಲಿ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆ ತಂದಿತು. ಇಲ್ಲಿ ವಿದ್ಯಾವೇತನ ಪೂರ್ತಿ ರಾಜ್ಯದ್ದು: ಹನ್ನೆರಡನೇ ತರಗತಿಗೆ 6,000, ಐಟಿಐ ಮತ್ತು ಡಿಪ್ಲೊಮಾಕ್ಕೆ 8,000, ಪದವಿಗೆ 10,000. ಆರು ತಿಂಗಳ ಅವಧಿಯನ್ನು ಆಮೇಲೆ ಹನ್ನೊಂದಕ್ಕೆ ಏರಿಸಿದರು. ವಯಸ್ಸು 18ರಿಂದ 35. ಮಾಲೀಕರಿಗೆ ನ್ಯಾಪ್ಸ್‌ಗಿಂತ ಆಕರ್ಷಕ, ಆದರೆ ಅವಧಿ ಚಿಕ್ಕದು, ಅಪ್ರೆಂಟಿಸ್ ಕಾಯ್ದೆಯ ಪ್ರಮಾಣಪತ್ರವೂ ಇಲ್ಲ. ಮಹಾಸ್ವಯಂ ಪೋರ್ಟಲ್‌ನಲ್ಲಿ ನೋಂದಣಿ; ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ಅಲ್ಲೇ ನೋಡಿ.

ಮುಖ್ಯ ಷರತ್ತು ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ಆ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ. ಅದಕ್ಕೆ ಸಾಮಾನ್ಯವಾಗಿ ಹದಿನೈದು ವರ್ಷದ ವಾಸ ತೋರಿಸಬೇಕು. ಹೀಗಾಗಿ ಒಂದೇ ಬಗೆಯ ಕನ್ನಡ ಆಡುವ ಇಬ್ಬರು ಹುಡುಗರಲ್ಲಿ ಅಕ್ಕಲಕೋಟೆಯವನಿಗೆ, ಜತ್ತಿನವನಿಗೆ ಅರ್ಹತೆ ಉಂಟು, ಗಡಿಯಾಚೆಯ ಇಂಡಿಯವನಿಗೆ ಇಲ್ಲ. ಪುಣೆಯ ಕನ್ನಡ ಶಾಲೆಯಲ್ಲೇ ಓದಿ ಬೆಳೆದ ಮಕ್ಕಳು ಡೊಮಿಸೈಲ್ ಪಡೆಯಬಹುದು, ಮನೆಮಾತು ಅಡ್ಡಿಯಾಗದು. ಉಳಿದವರನ್ನು ನ್ಯಾಪ್ಸ್‌ಗೆ ಹಾಕಿ, ಅಲ್ಲಿ ಡೊಮಿಸೈಲ್ ಕೇಳುವುದಿಲ್ಲ. ಗೋವಾದ ವಾಸ್ಕೋ, ಜುವಾರಿನಗರದ ನಮ್ಮವರ ಮಕ್ಕಳಿಗೂ ಇದೇ ಸಲಹೆ.

ಪ್ರತಿ ತಿಂಗಳು

ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬ್ಯಾಂಕ್ ಮೂಲಕ ಹೋಗಬೇಕು. ಹಾಜರಿ ಮತ್ತು ಪಾವತಿಯ ವಿವರವನ್ನು ಪೋರ್ಟಲ್‌ಗೆ ತುಂಬಿದ ಮೇಲೆಯೇ ಸರ್ಕಾರದ ಪಾಲು ಹೊರಡುತ್ತದೆ. ಮೂರು ತಿಂಗಳದ್ದು ಒಟ್ಟಿಗೆ ಕೂಡಿಹಾಕಿ ತುಂಬುವ ಅಭ್ಯಾಸ ಬೇಡ. ಪೆಟ್ಟು ತಿನ್ನುವವನು ಹುಡುಗ, ಬೇಸತ್ತು ಬಿಟ್ಟುಹೋಗುವವನೂ ಅವನೇ.

ಶಾಪಿನೊಳಗೆ ಮೂರು ಗೆರೆ ದಾಟಬೇಡಿ. ಅಪ್ರೆಂಟಿಸ್‌ಗೆ ಪೀಸ್ ರೇಟ್ ಕೊಡುವಂತಿಲ್ಲ. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಗಾಯವಾದರೆ ಪರಿಹಾರದ ಹೊಣೆ ನಿಮ್ಮದೇ, ಆದ್ದರಿಂದ ಅಪಘಾತ ವಿಮೆ ಮಾಡಿಸಿ. ಕಾಯ್ದೆಯಡಿ ನೋಂದಾಯಿತ ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಅನ್ವಯಿಸುವುದಿಲ್ಲ. ಆದರೆ ಒಪ್ಪಂದವೇ ಇಲ್ಲದೆ 'ಟ್ರೇನಿ' ಎಂದು ಮಸ್ಟರಿನಲ್ಲಿ ಬರೆದುಕೊಂಡವರನ್ನು ಪಿಎಫ್ ಅಧಿಕಾರಿ ಕೆಲಸಗಾರರೆಂದೇ ಹಿಡಿಯುತ್ತಾರೆ, ಹಿಂದಿನ ಬಾಕಿ ಸಮೇತ.

ಹಳೆಯ ಕೆಲಸಗಾರರಿಗೆ

ಹತ್ತು ವರ್ಷದಿಂದ ವಿಎಂಸಿ ಮಷೀನ್ ಓಡಿಸುತ್ತಿರುವವನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಅಂಥವರಿಗೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಪೂರ್ವ ಕಲಿಕೆಯ ಮಾನ್ಯತೆ, ಎಲ್ಲರ ಬಾಯಲ್ಲಿ ಆರ್‌ಪಿಎಲ್, ಇದೆ. ಗೊತ್ತಿರುವುದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಕೆಲವು ಮಾಲೀಕರಿಗೆ ಇದು ಬೇಡ, "ಸರ್ಟಿಫಿಕೇಟ್ ಬಂದ್ರ ಚಾಕಣದ ದೊಡ್ಡ ಕಂಪನಿಗೆ ಓಡ್ತಾನ." ಓಡುವವನು ಹೇಗೂ ಓಡುತ್ತಾನೆ ಎಂಬುದು ನನ್ನ ಅನಿಸಿಕೆ, ಗ್ರಾಹಕರ ಆಡಿಟ್‌ನಲ್ಲಿ ಆಪರೇಟರ್‌ಗಳ ಅರ್ಹತೆ ಕೇಳಿದಾಗ ತೋರಿಸಲು ಕಾಗದ ಇರುವುದು ಮೇಲು. ಶಾಪ್ ಪೂರ್ತಿ 5ಎಸ್, ಕೈಜೆನ್‌ನಂಥ ಅಚ್ಚುಕಟ್ಟು ಮತ್ತು ಸುಧಾರಣೆಯ ಪದ್ಧತಿಗಳನ್ನು ಕಲಿಯಬೇಕಿದ್ದರೆ ಎಂಎಸ್‌ಎಂಇ ಸಚಿವಾಲಯದ ಲೀನ್ ಯೋಜನೆಯಲ್ಲಿ ಸಲಹೆಗಾರರ ವೆಚ್ಚದ ಶೇ 90ರಷ್ಟು ಸರ್ಕಾರ ಭರಿಸುತ್ತದೆ. ಉದ್ಯಮ್ ನೋಂದಣಿ ಇರಲೇಬೇಕು.

ಸಿಎಸ್ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ತರಬೇತಿಯ ಖರ್ಚನ್ನು ತೋರಿಸಬಹುದೇ ಎಂದು ದೊಡ್ಡ ಕಂಪನಿಯವರು ಕೇಳುತ್ತಾರೆ. ತನ್ನ ನೌಕರರಿಗೇ ಲಾಭವಾಗುವ ಖರ್ಚು ಸಿಎಸ್ಆರ್ ಆಗುವುದಿಲ್ಲ. ಹೊರಗಿನ ಯುವಕರ ವೃತ್ತಿ ತರಬೇತಿ ಆಗುತ್ತದೆ.

ದೊಡ್ಡ ಕಂಪನಿಗಳಿಗೆ ಪಿಎಂ-ಸೇತು

2025ರ ಅಕ್ಟೋಬರ್ 4ರಂದು ಪ್ರಧಾನಿ ಉದ್ಘಾಟಿಸಿದ ಈ ಯೋಜನೆ 60,000 ಕೋಟಿಯದು: ಕೇಂದ್ರ 30,000, ರಾಜ್ಯಗಳು 20,000, ಉದ್ಯಮ 10,000 ಕೋಟಿ. ಸುಧಾರಣೆಯಾಗಬೇಕಿರುವುದು 1,000 ಸರ್ಕಾರಿ ಐಟಿಐಗಳು, 200 ಕೇಂದ್ರಗಳು ಮತ್ತು ಅವುಗಳಿಗೆ ಜೋಡಿಸಿದ 800 ಎಂಬ ಲೆಕ್ಕದಲ್ಲಿ. ಆಯಾ ಗುಂಪನ್ನು ಮುಂದಾಳು ಕಂಪನಿಯ ಜತೆ ಸೇರಿ ರಚಿಸಿದ ವಿಶೇಷ ಸಂಸ್ಥೆ ನಡೆಸಬೇಕು. ಸಣ್ಣ ಘಟಕಗಳು ಮುಂದಾಳಾಗುವ ಪ್ರಶ್ನೆಯೇ ಇಲ್ಲ. ಆದರೆ ನೀವು ಬಿಡಿಭಾಗ ಕೊಡುವ ದೊಡ್ಡ ಕಂಪನಿ ಇದಕ್ಕೆ ಹೊರಟಿದ್ದರೆ, ಕೋರ್ಸು ಬರೆಯುವ ಹೊತ್ತಿಗೇ ಅವರ ವೆಂಡರ್ ಮೀಟಿಂಗಿನಲ್ಲಿ ಬಾಯಿ ಬಿಡಿ. ಇಲ್ಲದಿದ್ದರೆ ರೋಬೋಟಿಕ್ ವೆಲ್ಡಿಂಗ್ ಕಲಿತ ಹುಡುಗರು ಬರುತ್ತಾರೆ, ನಿಮಗೆ ಬೇಕಾದ ಸರ್ಫೇಸ್ ಗ್ರೈಂಡಿಂಗಿಗೆ ಒಬ್ಬನೂ ಇರುವುದಿಲ್ಲ. 2007-08ರಲ್ಲಿ 1,396 ಸರ್ಕಾರಿ ಐಟಿಐಗಳ ಆಡಳಿತ ಸಮಿತಿಗಳಿಗೆ ತಲಾ 2.5 ಕೋಟಿ ಬಡ್ಡಿರಹಿತ ಸಾಲ ಕೊಡಲು ಶುರುವಾದ ಯೋಜನೆಯಲ್ಲೂ ಉದ್ಯಮದವರಿಗೇ ಅಧ್ಯಕ್ಷತೆ ಇತ್ತು. ಕುರ್ಚಿ ಇದ್ದು ಸಭೆಗೆ ಹೋಗದಿದ್ದರೆ ಏನೂ ಆಗುವುದಿಲ್ಲ.

ತರಬೇತಿ ಮುಗಿದ ಮೇಲೆ

ಪರೀಕ್ಷೆಗೆ ಹುಡುಗನ ಹೆಸರು ಹೋಗಿದೆಯೇ, ಹಾಲ್ ಟಿಕೆಟ್ ಬಂದಿದೆಯೇ ನೋಡಿಕೊಳ್ಳಿ. ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಆದರೆ ಅಪ್ರೆಂಟಿಸ್‌ಗಳ ನೇಮಕಾತಿಗೆ ನಿಮ್ಮದೇ ಒಂದು ನೀತಿ ಇರಬೇಕು ಎಂದು ಕಾಯ್ದೆ ಹೇಳುತ್ತದೆ.

ಇಟ್ಟುಕೊಳ್ಳುವುದಾದರೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯ ಲೆಕ್ಕ ಇಲ್ಲಿ ಬರುತ್ತದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಹೆಚ್ಚುವರಿಯಾಗಿ ತೆಗೆದುಕೊಂಡ ನೌಕರನಿಗೆ ಮಾಲೀಕರಿಗೆ ತಿಂಗಳಿಗೆ 3,000 ರೂಪಾಯಿವರೆಗೆ, ಎರಡು ವರ್ಷ. ಉತ್ಪಾದನಾ ವಲಯಕ್ಕೆ ನಾಲ್ಕು ವರ್ಷ. ಪಿಎಫ್ ವೇತನ 10,001ರಿಂದ 20,000ದೊಳಗಿದ್ದರೆ 2,000, ಅದಕ್ಕೂ ಮೇಲೆ ಒಂದು ಲಕ್ಷದವರೆಗೆ 3,000. ಈ ಹಣ ನಿಮ್ಮದೇ. 50ಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನು, 50 ಅಥವಾ ಹೆಚ್ಚು ಇದ್ದರೆ ಐವರನ್ನು ಹೆಚ್ಚಿಗೆ ತೆಗೆದುಕೊಂಡು ಆರು ತಿಂಗಳು ಉಳಿಸಿಕೊಳ್ಳಬೇಕು. ಮೊದಲ ಬಾರಿ ಪಿಎಫ್‌ಗೆ ಸೇರುವ ನೌಕರನಿಗೂ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ಸಿಗುತ್ತದೆ.

ನೋಂದಾಯಿತ ಅಪ್ರೆಂಟಿಸ್‌ಗೆ ಪಿಎಫ್ ಇರುವುದಿಲ್ಲವಾದ್ದರಿಂದ ಬೇರೆಲ್ಲೂ ಪಿಎಫ್ ಕಟ್ಟಿರದಿದ್ದರೆ ಅವನು ಇನ್ನೂ 'ಮೊದಲ ಬಾರಿಯವ'ನೇ. ಅವನಿಗೆ ಪಿಎಫ್‌ನ ಯುಎಎನ್ ಸಂಖ್ಯೆಯನ್ನು ಉಮಂಗ್ ಆ್ಯಪಿನಲ್ಲಿ ಮುಖ ತೋರಿಸಿ ಮಾಡಿಸಬೇಕು. ಅವನ ಬಳಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಆಫೀಸಿನ ಫೋನಿನಲ್ಲೇ ಆದೀತು. ಆಧಾರ್‌ಗೆ ಕೊಟ್ಟಿರುವ ಮೊಬೈಲ್ ನಂಬರು ಚಾಲೂ ಇರಲಿ, ಓಟಿಪಿ ಅದಕ್ಕೇ ಬರುತ್ತದೆ.